ಪಟ್ಟಿಯಲ್ಲಿ ಬಿಟ್ಟ ಪದ

ಜೂನ್ ೯

ಅರ್ಧಮಾರ್ಕಿಗೆ,

ಹನ್ನೊಂದು ವರ್ಷ ಕಳೆದ ಮೇಲೆ ಹೀಗೆ ಕರೆದರೆ ನಿನಗೆ ಸಿಟ್ಟು ಬರುತ್ತದೋ ಏನೋ. ಆದರೆ ಲಕೋಟೆಯ ಮೇಲೂ ನಿನ್ನ ಪೂರ್ತಿ ಹೆಸರು, ಒಳಗೂ ಅದೇ ಹೆಸರು ಬರೆದರೆ ಯಾವುದೋ ಆಫೀಸಿಗೆ ಅರ್ಜಿ ಹಾಕಿದ ಹಾಗಿರುತ್ತದೆ. ನಿನ್ನ ಮನೆಯ ವಿಳಾಸ ನನ್ನ ಹತ್ತಿರ ಇಲ್ಲ. ಪುಸ್ತಕದ ಬೆನ್ನಿಗೆ ಪ್ರಕಾಶಕರ ವಿಳಾಸ ಅಚ್ಚಾಗಿತ್ತು, ಅಲ್ಲಿಗೇ ಕಳಿಸುತ್ತಿದ್ದೇನೆ. ಅವರು ನಿನಗೆ ತಲುಪಿಸಲಿ.

ನನಗೊಬ್ಬಳು ಮಗಳಿದ್ದಾಳೆ. ಒಂಬತ್ತು ವರ್ಷ. ಇದು ನಿನಗೆ ಗೊತ್ತಿರಲಿಕ್ಕಿಲ್ಲ. ಹೋದ ವಾರ ಶಾಲೆಯಲ್ಲಿ ಅವಳಿಗೆ ಇಂಗ್ಲಿಷ್ ಕಲಿಯಲು ಹೊಸ ಪುಸ್ತಕ ಕೊಟ್ಟರು. 'ಒಂದೇ ಮನೆಯ ಪದಗಳು'. ನಾನು ಅದಕ್ಕೆ ರಟ್ಟು ಹಾಕಲು ಕೂತು, ಸುಮ್ಮನೆ ಒಂದು ಪುಟ ತೆರೆದೆ. ಐ, ಜಿ, ಎಚ್, ಟಿ ಎಂಬ ನಾಲ್ಕು ಅಕ್ಷರಗಳ ಮನೆ. ಮೊದಲ ಪದ ಟೈಟ್. ಆಮೇಲೆ ಫೈಟ್, ರೈಟ್, ಲೈಟ್, ನೈಟ್. ಬೇರೆ ಯಾರು ಬರೆದಿದ್ದರೂ ಲೈಟ್ ಅಥವಾ ನೈಟ್‌ನಿಂದ ಶುರು ಮಾಡುತ್ತಿದ್ದರು. ಟೈಟ್ ಯಾಕೆ ಮೊದಲು ಬಂತು ಅಂತ ಭೂಮಿಯ ಮೇಲೆ ಗೊತ್ತಿರುವುದು ಇಬ್ಬರಿಗೇ. ನಾವಿಬ್ಬರೂ ಈ ಪಟ್ಟಿ ಮಾಡಿದ ದಿನ ಎಣ್ಣೆ ಬಾಟಲಿಯ ಮುಚ್ಚಳ ಬಿಗಿಯಾಗಿ ಕಚ್ಚಿಕೊಂಡಿತ್ತು, ನಾವಿಬ್ಬರೂ ಸೇರಿ ತಿರುಗಿಸಿದರೂ ಬರಲಿಲ್ಲ. ಆಮೇಲೆ ನಿನ್ನ ಹೆಸರು ಮುಖಪುಟದಲ್ಲಿ ನೋಡಿದೆ.

ಪುಸ್ತಕ ಚೆನ್ನಾಗಿದೆ. ಮಗಳು ಪಟಪಟ ಅಂತ ಓದುತ್ತಾಳೆ. ಒಂದೇ ಮಾತು ಹೇಳಬೇಕು ಅನ್ನಿಸಿತು. ಓ, ಯು, ಜಿ, ಎಚ್ ಪುಟದಲ್ಲಿ ಒಂಬತ್ತು ಪದ ಇರಬೇಕಿತ್ತು. ಎಂಟೇ ಇವೆ. ಯಾವುದು ಬಿಟ್ಟಿದ್ದೀಯ ಅಂತ ನಿನಗೂ ಗೊತ್ತು. ಯಾಕೆ ಅಂತ ಕೇಳುವುದಿಲ್ಲ.

ನಾನು ಯೂನಿಫಾರಂ ಹೊಲಿಯುವ ಒಂದು ವರ್ಕ್‌ಶಾಪಿನಲ್ಲಿ ಕೆಲಸ ಮಾಡುತ್ತೇನೆ. ಕೋಟಿನ ಜೇಬಿನ ಮೇಲೆ ಜನರ ಹೆಸರು ಹೊಲಿಯುವುದು ನನ್ನ ಪಾಲಿನ ಕೆಲಸ. ಡಾಕ್ಟರು, ನರ್ಸು, ಲಿಫ್ಟಿನವರು, ಎಲ್ಲರದೂ. ಆರೋಗ್ಯವಾಗಿದ್ದೇನೆ.

ಇಂತಿ,
ಹಿಂದೆ ನಿನ್ನ ಅತ್ತಿಗೆಯಾಗಿದ್ದವಳು

---

ಜುಲೈ ೨

ಮಾನ್ಯರೇ,

ನಿಮ್ಮ ಪತ್ರ ಪ್ರಕಾಶಕರ ಮೂಲಕ ತಲುಪಿತು. ಪುಸ್ತಕ ನಿಮ್ಮ ಮಗಳಿಗೆ ಉಪಯೋಗವಾಗುತ್ತಿರುವುದು ಸಂತೋಷ.

ಸದರಿ ಪುಸ್ತಕವನ್ನು ನಾಲ್ಕನೆಯ ತರಗತಿಯ ಮಟ್ಟಕ್ಕೆ ಹೊಂದುವಂತೆ ಸಿದ್ಧಪಡಿಸಲಾಗಿದೆ. ಒಂದೇ ಅಕ್ಷರಗುಚ್ಛವಿರುವ ಪದಗಳನ್ನು ಒಟ್ಟಿಗೆ ಕಲಿಸುವುದು ಎಲ್ಲ ಕಡೆಯೂ ಇರುವ ಕ್ರಮ. ಪ್ರತಿ ಪುಟದಲ್ಲಿ ಎಷ್ಟು ಪದಗಳಿರಬೇಕು ಎನ್ನುವುದು ಪುಟದ ಜಾಗವನ್ನು ಅವಲಂಬಿಸಿರುತ್ತದೆ. ಬೇರೆ ಕಾರಣವಿಲ್ಲ.

ನನ್ನ ಶಾಲೆಯ ವಿಳಾಸವನ್ನು ಕೆಳಗೆ ಕೊಟ್ಟಿದ್ದೇನೆ. ಇನ್ನು ಮುಂದೆ ಪ್ರಕಾಶಕರಿಗೆ ತೊಂದರೆ ಕೊಡುವುದು ಬೇಡ.

ಇಂತಿ,
ಇಂಗ್ಲಿಷ್ ಶಿಕ್ಷಕಿ

---

ಜುಲೈ ೧೫

ಅರ್ಧಮಾರ್ಕಿಗೆ,

ಬೇಡ ಅನ್ನುವವಳು ವಿಳಾಸ ಕೊಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಪುಟದಲ್ಲಿ ಜಾಗ ಇತ್ತು. ಕೆಳಗೆ ಪ್ಲೌ ಪದಕ್ಕೆ ನೇಗಿಲಿನ ಚಿತ್ರ ಹಾಕಿಸಿದ್ದೀಯ, ಅದರ ಪಕ್ಕದಲ್ಲಿ ಒಂದು ಎತ್ತೂ ನಿಲ್ಲುವಷ್ಟು ಜಾಗ ಇತ್ತು.

ಮಗಳು ದಿನಾ ಸಂಜೆ ಪುಸ್ತಕ ಹಿಡಿದು ನನ್ನ ಮುಂದೆ ಕೂರುತ್ತಾಳೆ. ನನಗೆ ನಿಮ್ಮ ಮನೆಯ ಅಡುಗೆಮನೆ ಕಣ್ಣಿಗೆ ಕಟ್ಟುತ್ತದೆ. ನೀನು ಹದಿನೈದರವಳು, ಕಾಗುಣಿತದ ಪರೀಕ್ಷೆಯಲ್ಲಿ ಪದಕ್ಕೆ ಅರ್ಧರ್ಧ ಮಾರ್ಕು ಕಳೆದುಕೊಂಡು ಬಂದು, ಮಾವನವರ ಕಣ್ಣಿಗೆ ಬೀಳದ ಹಾಗೆ ಹಿಂಬಾಗಿಲಿನಿಂದ ಒಳಗೆ ನುಗ್ಗುತ್ತಿದ್ದೆ. ನಾನು ಮದುವೆಯಾಗಿ ಬಂದು ನಾಲ್ಕು ತಿಂಗಳಾಗಿತ್ತು. ನನಗೆ ಎಬಿಸಿಡಿ ಬಿಟ್ಟರೆ ಇಂಗ್ಲಿಷಿನಲ್ಲಿ ಏನೂ ಗೊತ್ತಿರಲಿಲ್ಲ. ತವರಿನಲ್ಲಿ ಕರವಸ್ತ್ರದ ಮೇಲೆ ಅಕ್ಷರ ಹೊಲಿದು ಅಭ್ಯಾಸ ಇತ್ತು, ಹಾಗಾಗಿ ಅಕ್ಷರ ನನಗೆ ಸದ್ದಾಗಿ ಕೇಳುತ್ತಿರಲಿಲ್ಲ, ಹೊಲಿಗೆಯಾಗಿ ಕಾಣುತ್ತಿತ್ತು. ನೀನು ಬಾಯಿಪಾಠ ಮಾಡುತ್ತಾ ಅಳುತ್ತಿದ್ದೆ. ನಾನು ಪಾತ್ರೆ ಒರೆಸುತ್ತಾ ನಿನ್ನ ಪಟ್ಟಿ ನೋಡಿದೆ.

"ಇದರ ನಡುವೆ ಇರೋ ಅಕ್ಷರಗಳೂ ಅದರ ನಡುವೆ ಇರೋ ಅಕ್ಷರಗಳೂ ಒಂದೇ ಅಲ್ವಾ?" ಅಂದೆ.

"ಇದ್ರೆ ಏನಾಯ್ತು?"

"ಒಂದೇ ಮನೆಯವರು ಅಂತಾಯ್ತು. ಒಬ್ಬೊಬ್ಬರನ್ನೇ ಯಾಕೆ ಗುರುತು ಹಿಡೀತೀಯ, ಮನೆ ಗುರುತು ಇಟ್ಕೋ, ಸಾಕು."

ಹಾಗೆ ಶುರುವಾದದ್ದು. ತಿಂಗಳು ಮುಗಿದ ಕ್ಯಾಲೆಂಡರಿನ ಹಾಳೆ ಕತ್ತರಿಸಿ, ಕೆಂಪು ದಾರದಲ್ಲಿ ಹೊಲಿದು ಪುಸ್ತಕ ಮಾಡಿದೆ. ನೀನು ಪದ ಹುಡುಕಿ ತರುತ್ತಿದ್ದೆ, ನಾನು ಯಾರು ಯಾವ ಮನೆಯವರು ಅಂತ ನೋಡಿ ಬರೆಯುತ್ತಿದ್ದೆ. ಆ ಜಿ ಮತ್ತು ಎಚ್ ಯಾಕೆ ಸದ್ದು ಮಾಡುವುದಿಲ್ಲ ಅಂತ ನೀನು ತಲೆ ಕೆಡಿಸಿಕೊಂಡಾಗ ನಾನು ಏನು ಹೇಳಿದೆ ನೆನಪಿದೆಯಾ? ಜಗಳವಾಡಿದ ಓರಗಿತ್ತಿಯರ ಹಾಗೆ ಅಕ್ಕಪಕ್ಕ ಕೂತಿದ್ದಾವೆ, ಬಾಯಿ ಬಿಡಲ್ಲ ಅಂದೆ. ಅತ್ತೆಯವರಿಗೂ ನಗು ತಡೆಯಲಾಗಲಿಲ್ಲ.

ಓ, ಯು, ಜಿ, ಎಚ್ ಬಂದ ದಿನ ಭಾನುವಾರ. ಥ್ರೂ, ದೋ, ಟಫ್, ಥಾಟ್, ಬೌ. ಬರೆಯುವುದು ಒಂದೇ ಥರ, ಕರೆಯುವುದು ಒಂದೊಂದು ಥರ. ನೀನು ಪೆನ್ಸಿಲ್ ಎಸೆದೆ. "ಇದು ಮನೆಯಲ್ಲ, ಛತ್ರ" ಅಂದೆ. ನಿನ್ನ ಅಣ್ಣ ಅದೇ ಹೊತ್ತಿಗೆ ಸ್ನಾನ ಮಾಡಿ ಬಂದರು. ವಾರವಿಡೀ ಕುರ್ಚಿ ಮೇಜು ಉಜ್ಜಿ ಪಾಲಿಶ್ ಮಾಡುವವರು, ಎಷ್ಟು ತೊಳೆದರೂ ಹುಬ್ಬಿನಲ್ಲಿ ಮರದ ಪುಡಿ ಇದ್ದೇ ಇರುತ್ತಿತ್ತು. ನಿನ್ನ ಮುಖ ನೋಡಿ ನಗು ಬಂತು, ನಗುತ್ತಾ ನಗುತ್ತಾ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ನಿನ್ನ ಕೈಯಿಂದ ಡಿಕ್ಷನರಿ ಕಿತ್ತುಕೊಂಡು ಹುಡುಕಿ, "ನೋಡು, ನಾನೂ ಈ ಛತ್ರದವನೇ" ಅಂತ ಆ ಪದವನ್ನು ತಾವೇ ದಪ್ಪ ಅಕ್ಷರದಲ್ಲಿ ಬರೆದರು. ಕಾಫ್.

ಆಗ ಅದು ಬರೀ ತಮಾಷೆ. ಡಾಕ್ಟರ ಚೀಟಿಯಲ್ಲಿ ಅದೇ ಪದ ನೋಡುವುದಕ್ಕೆ ಇನ್ನೂ ಐದು ವರ್ಷ ಇತ್ತು.

ನಿನಗೆ ನೋವಾಗಲಿ ಅಂತ ಬರೆದಿಲ್ಲ. ಇದನ್ನು ಹೇಳಲು ನನಗೆ ಬೇರೆ ಯಾರಿದ್ದಾರೆ?

ಇಂತಿ,
ಅತ್ತಿಗೆ

---

ಸೆಪ್ಟೆಂಬರ್ ೪

ಅರ್ಧಮಾರ್ಕಿಗೆ,

ಎರಡು ತಿಂಗಳಾಗುತ್ತಾ ಬಂತು, ನಿನ್ನ ಉತ್ತರ ಇಲ್ಲ. ಇದು ನನ್ನ ಪತ್ರ ಅಲ್ಲ, ಮಗಳ ಪ್ರಶ್ನೆ. ಇ, ಎ, ಆರ್ ಮನೆಯಲ್ಲಿ ಹಿಯರ್, ನಿಯರ್, ಫಿಯರ್ ಎಲ್ಲ ಒಂದೇ ರಾಗದಲ್ಲಿ ಹಾಡುವಾಗ ಹಾರ್ಟ್ ಯಾಕೆ ತನ್ನದೇ ರಾಗ ಹಾಡುತ್ತದೆ, ಬೇರ್ ಯಾಕೆ ಇನ್ನೊಂದು ರಾಗ ಹಾಡುತ್ತದೆ ಅಂತ ಕೇಳುತ್ತಾಳೆ. "ಬರೆದವರನ್ನೇ ಕೇಳ್ಬೇಕು" ಅಂದೆ. "ಬರೆದವರು ನಿಂಗೆ ಗೊತ್ತಾ?" ಅಂದಳು. ಗೊತ್ತು ಅಂದೆ. ನಂಬಲಿಲ್ಲ. ಅವಳ ಪ್ರಕಾರ ಪುಸ್ತಕ ಬರೆಯುವವರು ಯಾರಿಗೂ ಗೊತ್ತಿರುವುದಿಲ್ಲ.

ಮಗುವಿಗಾದರೂ ಒಂದು ಸಾಲು ಬರೆ.

ಅತ್ತಿಗೆ

---

ಅಕ್ಟೋಬರ್ ೨೧

ಅತ್ತಿಗೆ,

ಮಗುವಿಗೆ ಹೇಳಿ, ಆ ಪ್ರಶ್ನೆಗೆ ನನ್ನ ಹತ್ತಿರ ಒಳ್ಳೆಯ ಉತ್ತರ ಇಲ್ಲ. ಹಳೆಯ ಕಾಲದಲ್ಲಿ ಬೇರೆ ಬೇರೆ ಥರ ಉಚ್ಚರಿಸುತ್ತಿದ್ದರು, ಬಾಯಿ ಬದಲಾಯಿತು, ಬರವಣಿಗೆ ಹಾಗೇ ನಿಂತಿತು ಎಂದು ತರಗತಿಯಲ್ಲಿ ಹೇಳುತ್ತೇನೆ. ಮಕ್ಕಳು ತಲೆಯಾಡಿಸುತ್ತಾರೆ.

ಈ ಪತ್ರವನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ಇದು ಐದನೆಯದು. ನೇರವಾಗಿ ಹೇಳಿಬಿಡುತ್ತೇನೆ. ಕೆಂಪು ದಾರದ ಪುಸ್ತಕ ನನ್ನ ಹತ್ತಿರವೇ ಇದೆ.

ನೀವು ಮನೆ ಬಿಟ್ಟು ಹೊರಟ ದಿನ ಅದೊಂದನ್ನೇ ಕೇಳಿದಿರಿ. ಬಟ್ಟೆ, ಪಾತ್ರೆ ಯಾವುದನ್ನೂ ಕೇಳಲಿಲ್ಲ. ನಾನು ಬಾಗಿಲಲ್ಲಿ ನಿಂತು, ರದ್ದಿಯವನಿಗೆ ಹಾಕಿಬಿಟ್ಟೆವು ಅಂದೆ. ಸುಳ್ಳು. ಅದು ಆಗ ನನ್ನ ದಿಂಬಿನ ಕೆಳಗೆ ಇತ್ತು. ಆಮೇಲೆ ಇನ್ನೊಂದು ಮಾತೂ ಅಂದೆ. ಅಣ್ಣ ಹೋಗಿ ಇನ್ನೂ ಒಂದೂವರೆ ವರ್ಷ ಆಗಿಲ್ಲ, ನಿಮಗೆ ಎರಡನೆಯ ಮದುವೆಯ ಅವಸರ ಅಂತ. ನೀವು ಚಪ್ಪಲಿ ಮೆಟ್ಟಿಕೊಂಡು ಹೊರಟಿರಿ. ಒಂದು ಕಾಲಿನ ಪಟ್ಟಿ ಸರಿಯಾಗಿ ಕೂತಿರಲಿಲ್ಲ, ಗೇಟಿನವರೆಗೂ ಹಾಗೇ ಎಳೆದುಕೊಂಡು ಹೋದಿರಿ. ನನಗೆ ಬಹಳ ಸಲ ನೆನಪಾಗುವುದು ಆ ಮಾತಿಗಿಂತ ಆ ಚಪ್ಪಲಿ.

ಆ ಪುಸ್ತಕದ ಅಂಚುಗಳಲ್ಲಿ ಅಣ್ಣನ ಕೈಬರಹ ಇತ್ತು. ಅವನು ಬೇರೆಲ್ಲೂ ಏನೂ ಬರೆದವನಲ್ಲ. ಅದನ್ನು ನೀವು ಇನ್ನೊಬ್ಬರ ಮನೆಗೆ ಒಯ್ಯುವುದು ನನಗೆ ಬೇಕಿರಲಿಲ್ಲ. ಅಷ್ಟೇ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದೆ, ಸಿಗಲಿಲ್ಲ.

ಮೂರು ವರ್ಷದ ಹಿಂದೆ ಪ್ರಕಾಶಕರು ಮಕ್ಕಳಿಗೆ ಕಾಗುಣಿತದ ಪುಸ್ತಕ ಬೇಕು ಎಂದು ಶಾಲೆಗೆ ಬಂದಾಗ, ನಾನು ಮನೆಗೆ ಹೋಗಿ ಅದನ್ನೇ ಎದುರಿಗಿಟ್ಟುಕೊಂಡು ನಕಲು ಮಾಡಿದೆ. ಟೈಟ್ ಮೊದಲು ಯಾಕೆ ಅಂತ ಮರೆತೇಹೋಗಿತ್ತು. ನೀವು ಬರೆದ ಮೇಲೆ ನೆನಪಾಯಿತು. ಓ, ಯು, ಜಿ, ಎಚ್ ಪುಟದಲ್ಲಿ ಎಂಟು ಪದ ಸರಾಗವಾಗಿ ಬರೆದೆ. ಒಂಬತ್ತನೆಯದು ಅವನ ಅಕ್ಷರದಲ್ಲಿತ್ತು. ಮೂರು ಸಲ ಟೈಪ್ ಮಾಡಿ ಅಳಿಸಿದೆ. ಕೊನೆಗೆ ಚಿತ್ರ ಬಿಡಿಸುವವರಿಗೆ ನೇಗಿಲು ಸ್ವಲ್ಪ ದೊಡ್ಡದಾಗಿರಲಿ ಅಂದೆ.

ಪುಸ್ತಕವನ್ನು ಇದರ ಜೊತೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ. ಅದು ನಿಮ್ಮದು. ಮಾರ್ಚಿನಲ್ಲಿ ಎರಡನೆಯ ಮುದ್ರಣ ಆಗುತ್ತದೆ. ಮುಖಪುಟದಲ್ಲಿ ನನ್ನ ಹೆಸರಿಗಿಂತ ಮೊದಲು ನಿಮ್ಮ ಹೆಸರು ಹಾಕಬೇಕೆಂದು ಪ್ರಕಾಶಕರಿಗೆ ಹೇಳಿದ್ದೇನೆ. ನೀವು ಒಪ್ಪಬೇಕು.

ಕ್ಷಮಿಸಿ ಎಂದು ಬರೆಯಲು ಕೈ ಬರುತ್ತಿಲ್ಲ. ಅಷ್ಟು ಸಣ್ಣ ಮಾತಿಗೆ ಇಷ್ಟು ದೊಡ್ಡ ತಪ್ಪು ಹೊರಿಸಿದ ಹಾಗಾಗುತ್ತದೆ.

ನಿಮ್ಮ ನಾದಿನಿ

---

ನವೆಂಬರ್ ೧೭

ನಾದಿನಿಗೆ,

ಪಾರ್ಸೆಲ್ ಬಂತು. ಮೂರು ದಿನ ಬಿಚ್ಚಲಿಲ್ಲ.

ನನಗೆ ಸಿಟ್ಟು ಬಂದಿದೆ. ಅದನ್ನು ಮುಚ್ಚಿಟ್ಟು ಬರೆದರೆ ನನಗೂ ನಿನಗೂ ಮೋಸ. ಬಾಗಿಲಲ್ಲಿ ನೀನಂದ ಮಾತನ್ನು ನಾನು ಯಾವತ್ತೋ ಬಿಟ್ಟೆ. ಇಪ್ಪತ್ಮೂರರ ಹುಡುಗಿ, ದುಃಖದಲ್ಲಿ ಏನೋ ಅಂದಳು ಅಂದುಕೊಂಡೆ. ಆದರೆ ಹನ್ನೊಂದು ವರ್ಷ ಅವರ ಒಂದು ಅಕ್ಷರ ನನ್ನ ಹತ್ತಿರ ಇರಲಿಲ್ಲ. ಒಂದೇ ಒಂದು ಅಕ್ಷರ. ದಿನಾ ನೂರು ಜನರ ಹೆಸರು ಹೊಲಿಯುವವಳು ನಾನು. ಅವರು ಸಿ ಅಕ್ಷರವನ್ನು ಹೇಗೆ ಬರೆಯುತ್ತಿದ್ದರು ಅನ್ನುವುದನ್ನೇ ಮರೆಯುತ್ತಿದ್ದೇನೆ ಅಂತ ಗೊತ್ತಾದ ದಿನ ಮಿಷನ್ ನಿಲ್ಲಿಸಿ ಕೂತುಬಿಟ್ಟಿದ್ದೆ. ಆಗೆಲ್ಲ ಅದು ನಿನ್ನ ಹತ್ತಿರವೇ ಇತ್ತು.

ನಾಲ್ಕನೆಯ ದಿನ ಇವರೇ ಕತ್ತರಿ ತಂದುಕೊಟ್ಟರು. "ಬಿಚ್ಚು, ನಾನು ಹೊರಗೆ ಕೂತಿರ್ತೀನಿ" ಅಂದರು. ಒಳಗೇ ಇರಿ ಅಂದೆ.

ಇವರ ವಿಷಯ ನಿನಗೆ ಹೇಳಬೇಕು. ನೀವ್ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನಿನ್ನ ಅಣ್ಣ ಹೋದ ಮೇಲೆ ಮನೆಯಲ್ಲಿ ಅವರ ಹೆಸರು ಯಾರೂ ಎತ್ತುತ್ತಿರಲಿಲ್ಲ. ಅತ್ತೆ ಅವರ ತಟ್ಟೆಯನ್ನು ಅಟ್ಟಕ್ಕೆ ಹಾಕಿದರು. ನಾನು ಏನಾದರೂ ಹೇಳಹೊರಟರೆ ಮಾವ ಎದ್ದು ಹೋಗುತ್ತಿದ್ದರು. ನೀನು ಪುಸ್ತಕ ಮುಖಕ್ಕೆ ಅಡ್ಡ ಹಿಡಿಯುತ್ತಿದ್ದೆ. ಎಲ್ಲರಿಗೂ ನೋವಿತ್ತು, ನನಗೆ ಗೊತ್ತಿತ್ತು. ಆದರೆ ಏಳು ತಿಂಗಳು ಆ ಮನೆಯಲ್ಲಿ ನಾನು ಅವರ ಬಗ್ಗೆ ಒಂದು ವಾಕ್ಯ ಪೂರ್ತಿ ಆಡಿರಲಿಲ್ಲ.

ಆಮೇಲೆ ಅವರ ಅಂಗಿಯ ಜೇಬಿನಲ್ಲಿ ವಾಚ್ ರಿಪೇರಿ ಅಂಗಡಿಯ ಚೀಟಿ ಸಿಕ್ಕಿತು. ಹೋದೆ. ಅಂಗಡಿಯವರು, ಅಂದರೆ ಇವರು, ಕಣ್ಣಿನ ಭೂತಗನ್ನಡಿ ತೆಗೆದು ಚೀಟಿ ನೋಡಿ, "ಅವರು ಬರಲಿಲ್ವಾ?" ಅಂದರು.

"ಅವರು ತೀರಿಕೊಂಡ್ರು."

ಕೈಯಲ್ಲಿದ್ದ ಚಿಮಟ ಕೆಳಗಿಟ್ಟರು. "ಅವರ ನಗು ಬೀದಿ ಆ ಕಡೆಯಿಂದಲೇ ಕೇಳಿಸ್ತಿತ್ತು. ಮನೇಲೂ ಹಾಗೇ ನಗ್ತಿದ್ರಾ?" ಅಂತ ಕೇಳಿದರು.

ನಾನು ಅಲ್ಲೇ ಸ್ಟೂಲಿನ ಮೇಲೆ ಕೂತು ಒಂದು ಗಂಟೆ ಮಾತಾಡಿದೆ. ಅವರು ಕೇಳಿದರು. ಕೆಟ್ಟಿರದ ವಾಚನ್ನು ತೋರಿಸಲು ಆಮೇಲೆ ಆರು ಸಲ ಹೋದೆ. ಆರನೆಯ ಸಲ, "ಇನ್ನು ಇದನ್ನ ಬಿಚ್ಚಿದ್ರೆ ನಿಜವಾಗ್ಲೂ ಕೆಡುತ್ತೆ, ಸುಮ್ನೆ ಬನ್ನಿ" ಅಂದರು.

ನಿನ್ನ ಅಣ್ಣನನ್ನು ಮರೆಯಲು ನಾನು ಮದುವೆಯಾಗಲಿಲ್ಲ. ಅವರ ಮಾತು ಆಡಬಹುದಾದ ಒಂದು ಮನೆ ಬೇಕಿತ್ತು, ಅದಕ್ಕೆ ಆದೆ. ಬೇರೆಯವರಿಗೆ ಇದು ವಿಚಿತ್ರ ಅನ್ನಿಸಬಹುದು. ನನಗೆ ಹಾಗಿದೆ.

ಈಗ ಹೆಸರಿನ ವಿಷಯ. ಬೇಡ ಅಂದರೆ ದೊಡ್ಡತನ ಅನ್ನಿಸಿಕೊಳ್ಳುತ್ತದೆ ಅಂತ ನನಗೆ ಗೊತ್ತು. ಆದರೆ ನನಗೆ ಬೇಕು. ಹಾಕಿಸು. ಮೊದಲೇ ಬರಬೇಕು ಅಂತೇನಿಲ್ಲ, ಇಬ್ಬರದೂ ಒಂದೇ ಸಾಲಿನಲ್ಲಿ, ಒಂದೇ ಗಾತ್ರದ ಅಕ್ಷರದಲ್ಲಿ ಬರಲಿ. ದೊಡ್ಡ ಚಿಕ್ಕ ಮಾಡಿದರೆ ನನಗೆ ತಕ್ಷಣ ಕಾಣುತ್ತದೆ, ಅದೇ ನನ್ನ ಕಸುಬು.

ಒಂಬತ್ತನೆಯ ಪದವನ್ನೂ ಹಾಕಿಸು.

ಅತ್ತಿಗೆ

---

ಡಿಸೆಂಬರ್ ೮

ಅತ್ತಿಗೆ,

ಪ್ರಕಾಶಕರಿಗೆ ಎರಡನ್ನೂ ತಿಳಿಸಿದೆ. ಮುಖಪುಟ ಮಾಡುವವರು ಒಂದು ಪ್ರಶ್ನೆ ಕೇಳುತ್ತಿದ್ದಾರೆ. ನಿಮ್ಮ ಹೆಸರಿನ ಜೊತೆ ಯಾವ ಮನೆತನದ ಹೆಸರು ಹಾಕಬೇಕು? ನಮ್ಮದೋ, ಈಗಿನದೋ? ನೀವು ಹೇಳಿದ ಹಾಗೆ.

ನಿಮ್ಮ ಪತ್ರವನ್ನು ಅಮ್ಮನಿಗೆ ಓದಿ ಹೇಳಿದೆ. ಈಗ ನನ್ನ ಜೊತೆಯಲ್ಲೇ ಇದ್ದಾಳೆ. ಅಪ್ಪ ಹೋಗಿ ನಾಲ್ಕು ವರ್ಷವಾಯಿತು. ವಾಚಿನ ಅಂಗಡಿಯ ಭಾಗ ಬಂದಾಗ, ನಿಲ್ಲಿಸು ಅಂದಳು. ಸಿಟ್ಟಾದಳು ಅಂದುಕೊಂಡೆ. ಆಮೇಲೆ, "ಅವನು ಮನೇಲಿ ಇನ್ನೂ ಜೋರಾಗಿ ನಗ್ತಿದ್ದ ಅಂತ ಅವಳು ಹೇಳಿದ್ಲಾ ಇಲ್ವಾ?" ಅಂತ ಕೇಳಿದಳು. ನನಗೆ ಗೊತ್ತಿಲ್ಲ ಅಂದೆ. "ಕೇಳಿ ಬರಿ" ಅಂದಳು.

ಅದಕ್ಕೇ ಕೇಳುತ್ತಿದ್ದೇನೆ.

ನಿಮ್ಮ ನಾದಿನಿ

---

ಡಿಸೆಂಬರ್ ೨೦

ನಾದಿನಿಗೆ,

ಯಾವ ಮನೆತನವೂ ಬೇಡ. ನನ್ನ ಹೆಸರು ಅಷ್ಟೇ. ಇಂಗ್ಲಿಷಿನಲ್ಲಿ ಹೇಗೆ ಬರೆಯಬೇಕು ಅಂತ ಒಂದು ಬಟ್ಟೆಯ ತುಂಡಿನ ಮೇಲೆ ಹೊಲಿದು ಇದರೊಳಗೆ ಇಟ್ಟಿದ್ದೇನೆ. ನಿನ್ನ ಅಣ್ಣನ ಜೊತೆ ಆದ ಮದುವೆಯ ಕಾಗದದಲ್ಲಿ ನೀವೆಲ್ಲ ಅದನ್ನು ತಪ್ಪು ಬರೆಸಿದ್ದಿರಿ. ಆಗ ನನಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ, ಆಮೇಲೆ ಕಲಿತ ಮೇಲೆ ಕಂಡಿತು.

ಅತ್ತೆಗೆ ಹೇಳು, ಹೇಳಿದೆ ಅಂತ. ಮನೆಯಲ್ಲಿ ನಕ್ಕರೆ ಅಟ್ಟದ ಮೇಲಿನ ಬೆಕ್ಕು ಕೆಳಗೆ ಬರುತ್ತಿತ್ತು ಅಂತಲೂ ಹೇಳಿದೆ.

ಶಾಲೆಗೆ ರಜೆ ಯಾವಾಗ? ಬರೆಯುವುದಕ್ಕಿಂತ ಬಂದರೆ ಸುಲಭ. ಬಸ್ ನಿಲ್ದಾಣದಿಂದ ಎಡಕ್ಕೆ ನಡೆದರೆ ವರ್ಕ್‌ಶಾಪು. ಹಸಿರು ಶಟರು. ನಾನು ಕಿಟಕಿಯ ಪಕ್ಕದ ಮಿಷನ್‌ನಲ್ಲಿ ಇರುತ್ತೇನೆ.

ಅತ್ತಿಗೆ

---

ಜನವರಿ ೧೨

ಅತ್ತಿಗೆ,

ಕ್ಷೇಮವಾಗಿ ಬಂದು ಸೇರಿದೆ. ಮಗುವಿಗೆ ಹೇಳಿ, ಪುಸ್ತಕ ಬರೆಯುವವರು ಮೂರು ಸಲ ಬಡಿಸಿಕೊಂಡು ಉಣ್ಣುತ್ತಾರೆ ಎಂದು ಅವಳು ಶಾಲೆಯಲ್ಲಿ ಯಾರಿಗೂ ಹೇಳಬಾರದು.

ವರ್ಕ್‌ಶಾಪಿನ ಬಾಗಿಲಲ್ಲಿ ನಿಂತಾಗ ಕಿಟಕಿಗಳ ಉದ್ದಕ್ಕೂ ಸಾಲಾಗಿ ಹನ್ನೆರಡು ಬೆನ್ನುಗಳು ಕಂಡವು. ನಿಮ್ಮದು ಯಾವುದು ಅಂತ ಗೊತ್ತಾಗಲಿಲ್ಲ. ಅದಕ್ಕೇ ಅಷ್ಟು ಹೊತ್ತು ಸುಮ್ಮನೆ ನಿಂತಿದ್ದೆ. ನೀವು ತಲೆ ಎತ್ತದೆಯೇ, "ಬಾಗಿಲಿಗೆ ಅಡ್ಡ ನಿಂತ್ರೆ ಬೆಳಕು ಬರಲ್ಲ, ಒಳಗೆ ಬಾ" ಅಂದಿರಿ. ನಾನೇ ಅಂತ ಹೇಗೆ ಗೊತ್ತಾಯಿತು ಅಂತ ಕೇಳುವುದು ಮರೆತೆ.

ಊಟದ ಹೊತ್ತಿನಲ್ಲಿ ನಿಮ್ಮ ಯಜಮಾನರು ಅಣ್ಣನ ಬಗ್ಗೆ ಹೇಳಿದ್ದರಲ್ಲಿ ಅರ್ಧ ನನಗೆ ಗೊತ್ತೇ ಇರಲಿಲ್ಲ. ನನ್ನ ಮೊದಲ ಸಂದರ್ಶನದ ದಿನ ಅವನು ಕೆಲಸಕ್ಕೆ ಚಕ್ಕರ್ ಹಾಕಿ ಶಾಲೆಯ ಎದುರು ಮರದ ಕೆಳಗೆ ಮೂರು ಗಂಟೆ ನಿಂತಿದ್ದನಂತೆ. ನಾನು ಹೊರಗೆ ಬಂದ ಮುಖ ನೋಡಿ, ಕೆಲಸ ಸಿಕ್ಕಿತು ಅಂತ ತಿಳಿದು, ನನಗೆ ಕಾಣಿಸಿಕೊಳ್ಳದೆ ಮನೆಗೆ ಬಂದನಂತೆ. ಒಡಹುಟ್ಟಿದವಳು ನಾನು. ಅವನನ್ನು ಅಂಗಡಿಯಲ್ಲಿ ಮಾತ್ರ ಕಂಡವರ ಬಾಯಿಂದ ಕೇಳಬೇಕಾಯಿತು. ನಾಚಿಕೆಯಾಯಿತು. ಹೊಟ್ಟೆಕಿಚ್ಚೂ ಆಯಿತು. ಆಮೇಲೆ ಅವರು, "ಇವಳು ಹೇಳಿದ್ದನ್ನೇ ಹೇಳ್ತಿದೀನಿ, ನನ್ನದೇನಿಲ್ಲ" ಅಂದಾಗ ಎರಡೂ ಹೋದವು.

ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕದಲ್ಲಿ ಒಬ್ಬ ಹೆಂಗಸು ಕೂತಿದ್ದರು. ಉಲ್ಲನ್ ಹೆಣೆಯುತ್ತಿದ್ದರು. ಅದೂ ಇದೂ ಮಾತಾಡುತ್ತಾ, "ನಿಮಗೆ ಅಣ್ಣತಮ್ಮಂದಿರು ಎಷ್ಟು ಜನ?" ಅಂತ ಕೇಳಿದರು. ಯಾರು ಕೇಳಿದರೂ ಇಷ್ಟು ವರ್ಷ ನಾನು ಇಲ್ಲ ಅಂದು ಮಾತು ತಿರುಗಿಸುತ್ತಿದ್ದೆ. ಸಹೋದ್ಯೋಗಿಗಳಲ್ಲಿ ಅರ್ಧ ಜನ ನಾನು ಒಬ್ಬಳೇ ಮಗಳು ಅಂದುಕೊಂಡಿದ್ದಾರೆ.

"ಒಬ್ಬ ಇದ್ದ" ಅಂದೆ.

ಅವರು ಹೆಣೆಯುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದರು. ನಾನು ಶುರುಮಾಡಿದೆ. ಅವರು ಇಳಿಯುವ ಜಾಗ ಬಂತು, ಕಂಡಕ್ಟರ್ ಎರಡು ಸಲ ಕೂಗಿದ. ನಾನಿನ್ನೂ ಅವನು ಸೈಕಲ್ ಕಲಿತ ಕತೆಯಲ್ಲೇ ಇದ್ದೆ.

ನಿಮ್ಮ ನಾದಿನಿ